ಸೀಟು ಬಿಚ್ಚಿ, ಆಮೇಲೆ ಪಾನ (ಸ್ಪ್ಯಾನರ್) ಹಿಡಿಯಿರಿ: ಸಣ್ಣ ಕಾರಿನ ಪೆಡಲ್ ಜಾಗದ ರಿಪೇರಿ

ಮಾರುತಿ 800ರ ಒಟ್ಟು ಅಗಲವೇ 1440 ಮಿ.ಮೀ. ಅದರೊಳಗೆ ಡ್ರೈವರ್ ಪಾಲಿಗೆ ಬರುವ ಮೊಳದಷ್ಟು ಜಾಗದಲ್ಲಿ ಮೂರು ಪೆಡಲ್, ಸ್ಟೀರಿಂಗ್ ಕಂಬ, ಫ್ಯೂಸ್ ಬಾಕ್ಸ್, ಕ್ಲಚ್ ಕೇಬಲ್, ಎಕ್ಸಲೇಟರ್ ಕೇಬಲ್ ಮತ್ತು ವೈರುಗಳ ದೊಡ್ಡ ಕಟ್ಟು ಎಲ್ಲ ಕೂತಿವೆ. ತಗ್ಗಾದ ಸ್ಪೋರ್ಟ್ಸ್ ಕಾರುಗಳಲ್ಲಿ ಹೊಸ್ತಿಲು ಎತ್ತರ, ಪೆಡಲ್‌ಗಳು ಇನ್ನೂ ಆಳದಲ್ಲಿ, ಹಾಗಾಗಿ ಕಷ್ಟ ಇನ್ನೊಂದು ಪಟ್ಟು. ಆದರೆ ರೋಗವೂ ಒಂದೇ, ಮದ್ದೂ ಒಂದೇ. ಇಲ್ಲಿ ಬಿಚ್ಚಬೇಕಾದ ನಟ್ಟು ಬೋಲ್ಟು ಯಾವುದೂ ಕಷ್ಟದ್ದಲ್ಲ. ಅದರ ಎದುರಿಗೆ ಕಣ್ಣು ಮತ್ತು ಕೈ ಎರಡನ್ನೂ ಒಟ್ಟಿಗೆ ತಂದು ನಿಲ್ಲಿಸುವುದೇ ಕೆಲಸ.

ಸೀಟಿನ ಮೇಲೆ ತಲೆಕೆಳಗಾಗಿ ಮಲಗಿ, ಕಾಲನ್ನು ಹಿಂದಿನ ಸೀಟಿಗೆ ಚಾಚಿ ಕೆಲಸ ಮಾಡುವುದು ರೂಢಿ. ಎರಡು ನಿಮಿಷದ ಕೆಲಸಕ್ಕೆ ಅದು ಸರಿ. ಹತ್ತು ನಿಮಿಷ ದಾಟಿತೆಂದರೆ ತಲೆಗೆ ರಕ್ತ ಇಳಿದು ಮುಖ ಬಿಸಿಯಾಗುತ್ತದೆ, ಕೈ ಸೋಲುತ್ತದೆ, 'ಸಾಕು, ಇಷ್ಟು ಬಿಗಿಯಾದರೆ ಆಯ್ತು' ಅನಿಸುತ್ತದೆ. ಬ್ರೇಕ್ ಪೆಡಲ್ ಪಕ್ಕದಲ್ಲಿ ಹಾಗೆ ಅನಿಸಬಾರದು. ಅದಕ್ಕೇ ಈ ಲೇಖನದಲ್ಲಿ ಅರ್ಧ ಭಾಗ ಸಿದ್ಧತೆಯ ಬಗ್ಗೆಯೇ ಇದೆ.

ನಿಲ್ಲಿಸುವ ಜಾಗ

ಸಮತಟ್ಟಾದ ನೆಲ ಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಕ್ಲಚ್, ಗೇರ್ ಕೆಲಸದಲ್ಲಿ ಗಾಡಿ ನ್ಯೂಟ್ರಲ್‌ನಲ್ಲಿ ಇರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ದಾವಣಗೆರೆಯ ಬಿಸಿಲಿಗೆ ನಿಂತ ಕಾರಿನೊಳಗೆ ಮಧ್ಯಾಹ್ನ ಪೆಡಲ್ ಬ್ರಾಕೆಟ್ ಮುಟ್ಟಿದರೆ ಕೈ ಸುಡುತ್ತದೆ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಬಿಸಿಲೇರುವ ಮುಂಚೆ ಮುಗಿಸುವ ಲೆಕ್ಕ ಹಾಕಿಕೊಳ್ಳಿ. ವರ್ಷಗಟ್ಟಲೆ ಇಂಥ ಬಿಸಿಲು ತಿಂದ ಪ್ಲಾಸ್ಟಿಕ್ ಕ್ಲಿಪ್ಪುಗಳು ಮುಟ್ಟಿದರೆ ಮುರಿಯುತ್ತವೆ. ಡ್ಯಾಶ್‌ಬೋರ್ಡಿನ ಕೆಳ ಹೊದಿಕೆಗೆ ಹೊಂದುವ ಹೊಸ ಕ್ಲಿಪ್ ನಾಲ್ಕಾರು ಮೊದಲೇ ತಂದಿಟ್ಟುಕೊಂಡರೆ ಆಮೇಲೆ ದಾರದಲ್ಲಿ ಕಟ್ಟುವ ಪ್ರಮೇಯ ಬರುವುದಿಲ್ಲ.

ಚಿತ್ರದುರ್ಗದವರಿಗೆ ಇನ್ನೊಂದು ಮಾತು. ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸುವಷ್ಟು ಗಾಳಿ ಇರುವ ಊರದು. ಮುಂಗಾರಿನ ಪಶ್ಚಿಮದ ಗಾಳಿಗೆ ಕಾರಿನ ಮೂತಿ ಕೊಟ್ಟು ನಿಲ್ಲಿಸಿದರೆ, ತೆರೆದ ಬಾಗಿಲನ್ನು ಗಾಳಿ ನಿಮ್ಮ ಮೇಲೆಯೇ ಜಡಿಯುತ್ತದೆ. ಬೆನ್ನು ಕೊಟ್ಟು ನಿಲ್ಲಿಸಿದರೆ ಬಾಗಿಲು ಮುಂದಕ್ಕೆ ಹಾರಿ ಕೀಲು ಬಗ್ಗುತ್ತದೆ. ಕಾರಿನ ಎಡಮಗ್ಗುಲು ಪಶ್ಚಿಮಕ್ಕೆ ಬರುವಂತೆ, ಅಂದರೆ ಮೂತಿ ಉತ್ತರಕ್ಕಿರುವಂತೆ ನಿಲ್ಲಿಸಿ. ಡ್ರೈವರ್ ಬಾಗಿಲು ಮರೆಯಲ್ಲಿ ಇರುತ್ತದೆ. ಹಾಗಿದ್ದರೂ ಬಾಗಿಲಿನ ಹಿಡಿಗೆ ಹಗ್ಗ ಕಟ್ಟಿ, ಅಲುಗಾಡದ ಯಾವುದಕ್ಕಾದರೂ ಬಿಗಿಯಿರಿ. ಕೀಲಿನ ಸಂದಿಗೆ ಮರದ ತುಂಡು ತುರುಕಬೇಡಿ, ತಗಡು ನೆಗ್ಗುತ್ತದೆ.

ಸಾಮಾನು

ಕಾಲಿಂಚಿನ ರಾಟ್ಚೆಟ್, ಅದಕ್ಕೆ 75 ಮತ್ತು 150 ಮಿ.ಮೀ. ಎಕ್ಸ್‌ಟೆನ್ಷನ್, ಒಂದು ಯೂನಿವರ್ಸಲ್ ಜಾಯಿಂಟ್, 8, 10, 12, 14ರ ಸಾಕೆಟ್. ಅದೇ ಅಳತೆಯ ರಿಂಗ್ ಮತ್ತು ಡಬಲ್ ಎಂಡ್ ಪಾನಗಳು. ಹಿಡಿಕೆ ಗಿಡ್ಡಗಿರುವ ಸ್ಕ್ರೂಡ್ರೈವರ್. ನೋಸ್ ಪ್ಲೇಯರ್. ಉದ್ದ ಎಳೆಯುವ ಕಡ್ಡಿಯ ತುದಿಯ ಅಯಸ್ಕಾಂತ, ಒಂದು ಸಣ್ಣ ಕನ್ನಡಿ. ತಲೆಗೆ ಕಟ್ಟುವ ಲೈಟ್ ಬೇಕೇ ಬೇಕು, ಜೊತೆಗೆ ಪಕ್ಕದಿಂದ ಬೆಳಕು ಬೀಳಲು ಇನ್ನೊಂದು. ತಲೆಯ ಲೈಟ್ ಒಂದೇ ಇದ್ದರೆ ನಿಮ್ಮ ಕೈಯ ನೆರಳೇ ಬೋಲ್ಟನ್ನು ಮುಚ್ಚುತ್ತದೆ.

ಕಣ್ಣಿಗೆ ಕನ್ನಡಕ ಹಾಕದೆ ಡ್ಯಾಶ್‌ಬೋರ್ಡ್ ಕೆಳಗೆ ಮುಖ ಇಡಬೇಡಿ. ಗದ್ದೆಯ ಎರೆಮಣ್ಣು, ಗಣಿ ರಸ್ತೆಯ ಕೆಂಪು ದೂಳು ವರ್ಷಗಟ್ಟಲೆ ಪೆಡಲ್ ಬ್ರಾಕೆಟ್ ಮೇಲೆ ಕೂತಿರುತ್ತದೆ, ಮೊದಲ ಏಟಿಗೇ ನೆಟ್ಟಗೆ ಕಣ್ಣಿಗೆ ಸುರಿಯುತ್ತದೆ. ಹಿಂದಿನ ದಿನವೇ ಬ್ರಷ್ ಆಡಿಸಿ, ವ್ಯಾಕ್ಯೂಮ್ ಹಿಡಿದು ತೆಗೆದರೆ ಇನ್ನೂ ಒಳ್ಳೆಯದು. ಕೈಗಡಿಯಾರ, ಉಂಗುರ, ಕೊರಳ ಚೈನು ತೆಗೆದಿಡಿ. ಒಳಗಿನ ತಗಡಿನ ಅಂಚುಗಳು ಬ್ಲೇಡಿನಂತೆ ಇರುತ್ತವೆ; ಉದ್ದ ತೋಳಿನ ಅಂಗಿ ಹಾಕಿ.

ಬೀಳುವ ಬೋಲ್ಟಿಗೆ ಒಂದು ಉಪಾಯ: ಸಾಕೆಟ್ ಒಳಗೆ ಕಡಲೆಕಾಳಿನಷ್ಟು ಗ್ರೀಸ್ ಹಚ್ಚಿದರೆ ತಲೆಕೆಳಗೆ ಹಿಡಿದರೂ ಬೋಲ್ಟು ಕಚ್ಚಿಕೊಂಡಿರುತ್ತದೆ. ಪೆಡಲ್ ಹಿಂದೆ ನಟ್ಟು ಬಿತ್ತೆಂದರೆ ಅದು ಸಿಗುವವರೆಗೂ ಗಾಡಿ ಓಡಿಸಬಾರದು. ಕಾರ್ಪೆಟ್ ಮೇಲಿನ ಸಡಿಲ ನಟ್ಟು ಉರುಳಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಳ್ಳಬಹುದು.

ಬ್ಯಾಟರಿ, ಆಮೇಲೆ ಸೀಟು

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೊದಲು ಬಿಚ್ಚಿ, ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಮೂರು ನಿಮಿಷವಾದರೂ ಕಾಯಿರಿ. ಅದರ ಪೆಟ್ಟಿಗೆಯೊಳಗೆ ಉಳಿದ ಕರೆಂಟು ಇಳಿಯಲು ಅಷ್ಟು ಹೊತ್ತು ಬೇಕು. 2019ರ ಜುಲೈ ನಂತರ ತಯಾರಾದ ಕಾರುಗಳಿಗೆಲ್ಲ ಡ್ರೈವರ್ ಏರ್‌ಬ್ಯಾಗ್ ಮತ್ತು ಸೀಟ್‌ಬೆಲ್ಟ್ ಎಚ್ಚರಿಕೆ ಕಡ್ಡಾಯವಾದದ್ದರಿಂದ, ಸೀಟಿನ ಕೆಳಗೆ ಬೆಲ್ಟ್ ಬಕಲ್‌ನ ವೈರು ಇದ್ದೇ ಇರುತ್ತದೆ. ಅದನ್ನು ಮರೆತು ಸೀಟು ಎತ್ತಿದರೆ ಕನೆಕ್ಟರ್ ಹರಿಯುತ್ತದೆ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು: ಎಳೆಯಬೇಡಿ, ಲಾಕ್ ಒತ್ತಿ ಬಿಡಿಸಿ. ಸೀಟು ಹೊರಗಿರುವಾಗ ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದರೆ ಏರ್‌ಬ್ಯಾಗ್ ಲೈಟು ಹತ್ತಿಕೊಳ್ಳಬಹುದು, ಆರಿಸಲು ಸ್ಕ್ಯಾನರ್ ಇರುವವರ ಹತ್ತಿರ ಹೋಗಬೇಕಾಗುತ್ತದೆ. ಕರೆಂಟಿನಿಂದ ಸರಿಯುವ ಸೀಟಾದರೆ ಬೋಲ್ಟುಗಳು ಬಿಚ್ಚಿದ ಮೇಲೆಯೇ ಬ್ಯಾಟರಿ ತೆಗೆಯಿರಿ.

ಸೀಟಿಗೆ ನಾಲ್ಕು ಬೋಲ್ಟು. ಪೂರ್ತಿ ಹಿಂದಕ್ಕೆ ಸರಿಸಿ ಮುಂದಿನ ಎರಡು, ಪೂರ್ತಿ ಮುಂದಕ್ಕೆ ಸರಿಸಿ ಹಿಂದಿನ ಎರಡು. ಮಾರುತಿಗಳಲ್ಲಿ ಸಾಮಾನ್ಯವಾಗಿ 14ರ ಸಾಕೆಟ್ ಹಿಡಿಯುತ್ತದೆ. ನೀರು ನಿಂತು ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ಬಲವಂತವಾಗಿ ತಿರುಗಿಸಿ ಬೋಲ್ಟು ಮುರಿದರೆ, ನೆಲದ ತಗಡಿಗೆ ಬೆಸೆದ ನಟ್ಟಿನಿಂದ ಉಳಿದ ತುಂಡನ್ನು ತೆಗೆಯುವುದು ಇಡೀ ದಿನದ ಕೆಲಸ. ಸೀಟು ಹೊರಗೆ ತರುವಾಗ ಹೊಸ್ತಿಲ ಮೇಲೆ ಗೋಣಿಚೀಲ ಹಾಸಿ, ಇಲ್ಲದಿದ್ದರೆ ಸೀಟಿನ ಹಳಿ ಬಣ್ಣ ಕೆರೆಯುತ್ತದೆ. ಹೊರಗಿಟ್ಟ ಸೀಟಿನ ಸರಿಸುವ ಲಿವರ್ ಎಳೆಯಬೇಡಿ. ಎರಡು ಹಳಿಗಳು ಹಿಂದೆ ಮುಂದೆ ಆದರೆ ಮತ್ತೆ ಕೂರಿಸುವಾಗ ನಾಲ್ಕನೇ ತೂತು ಕೂಡುವುದಿಲ್ಲ.

ಖಾಲಿಯಾದ ಜಾಗದಲ್ಲಿ ಸೀಟು ಕೂರುವ ಗೂಟಗಳು ಎದ್ದಿರುತ್ತವೆ. ಹಳೇ ಕೌದಿ ಒಂದನ್ನು ನಾಲ್ಕು ಮಡಿಕೆ ಮಾಡಿ ಅವುಗಳ ಮೇಲೆ ಹಾಸಿ. ಈಗ ಬೆನ್ನಡಿ ಮಲಗಿ, ಕಾಲು ಮಡಚಿ ಹಿಂದಿನ ಸೀಟಿನ ಮೇಲಿಟ್ಟು, ತಲೆಯನ್ನು ಪೆಡಲ್ ಕೆಳಗೆ ತನ್ನಿ. ಕತ್ತಿಗೆ ಆಸರೆಯಾಗಿ ಸಣ್ಣ ದಿಂಬು. ಎರಡೂ ಕೈ ಮೇಲೆ ಆಡುತ್ತವೆ, ಕಣ್ಣೆದುರಿಗೆ ಪೆಡಲ್ ಬ್ರಾಕೆಟ್ ಪೂರ್ತಿ ಕಾಣುತ್ತದೆ. ಸೀಟು ಬಿಚ್ಚಲು ಕಳೆದ ಇಪ್ಪತ್ತು ನಿಮಿಷ ಇಲ್ಲಿ ವಾಪಸ್ ಬರುತ್ತದೆ. ಏನನ್ನೂ ಮುಟ್ಟುವ ಮುಂಚೆ ಮೊಬೈಲಿನಲ್ಲಿ ಐದಾರು ಫೋಟೊ ತೆಗೆಯಿರಿ, ಮುಖ್ಯವಾಗಿ ಸ್ಪ್ರಿಂಗ್‌ಗಳು ಯಾವ ತೂತಿಗೆ ಕೊಕ್ಕೆ ಹಾಕಿಕೊಂಡಿವೆ ಎಂಬುದನ್ನು.

ಬ್ರೇಕ್ ಲೈಟ್ ಸ್ವಿಚ್

ಇದೊಂದು ಕೆಲಸಕ್ಕೆ ಸೀಟು ಬಿಚ್ಚದಿದ್ದರೂ ನಡೆಯುತ್ತದೆ. ಹೊಸ್ತಿಲ ಪಕ್ಕ ಮಂಡಿಯೂರಿ ಕೂತರೆ ಕೈಗೆ ಸಿಗುತ್ತದೆ. ಬ್ರೇಕ್ ಪೆಡಲಿನ ತೋಳಿನ ಮೇಲ್ಭಾಗಕ್ಕೆ ತಾಗಿಕೊಂಡು ಎರಡು ವೈರಿನ ಸಣ್ಣ ಸ್ವಿಚ್ ಇರುತ್ತದೆ. ಹಿಂದಿನ ಕೆಂಪು ಲೈಟು ಹತ್ತದೇ ಇದ್ದರೆ, ಅಥವಾ ಕಾಲು ತೆಗೆದರೂ ಆರದೆ ರಾತ್ರಿಯಿಡೀ ಉರಿದು ಬೆಳಿಗ್ಗೆ ಬ್ಯಾಟರಿ ಇಳಿದಿದ್ದರೆ, ಬಲ್ಬು ಮತ್ತು ಫ್ಯೂಸ್ ನೋಡಿದ ಮೇಲೆ ಇದನ್ನೇ ಅನುಮಾನಿಸಬೇಕು. ಆರದೇ ಇರುವಾಗ ಮೊದಲು ಪೆಡಲ್ ತೋಳಿಗೆ ಅಂಟಿಸಿದ ರಬ್ಬರ್ ಅಥವಾ ಪ್ಲಾಸ್ಟಿಕ್ ಬಿಲ್ಲೆ ನೋಡಿ. ಅದು ಒಣಗಿ ಉದುರಿ ನೆಲಕ್ಕೆ ಬಿದ್ದರೆ ಸ್ವಿಚ್ಚಿನ ಕಡ್ಡಿ ತೂತಿನೊಳಗೆ ನುಗ್ಗಿ ನಿಲ್ಲುತ್ತದೆ. ಸ್ವಿಚ್ ಚೆನ್ನಾಗಿಯೇ ಇರುತ್ತದೆ, ಬಿಲ್ಲೆ ಹಾಕಿದರೆ ಸಾಕು.

ಮೈಮೇಲೆ ಮರೆ (ತಿರುಪಿನ ಗೆರೆ) ಇರುವ ಸ್ವಿಚ್ಚಾದರೆ ಲಾಕ್ ನಟ್ ಸಡಿಲಿಸಿ, ವೈರಿನ ಕನೆಕ್ಟರ್ ತೆಗೆದು, ಸ್ವಿಚ್ಚನ್ನೇ ತಿರುಗಿಸಿ ಹೊರತೆಗೆಯಿರಿ. ಹೊಸದನ್ನು ಹಾಕುವಾಗ ಸ್ವಿಚ್ಚಿನ ಮೈಗೂ ಪೆಡಲ್ ತೋಳಿಗೂ ನಡುವೆ ಸುಮಾರು 1 ಮಿ.ಮೀ. ಸಂದಿ ಉಳಿಸಿ ಲಾಕ್ ನಟ್ ಬಿಗಿಯಿರಿ. ಸ್ವಿಚ್ ಪೆಡಲನ್ನು ಒತ್ತುವಷ್ಟು ಮುಂದೆ ಬಂದರೆ ಪೆಡಲ್ ಪೂರ್ತಿ ಮೇಲೇಳುವುದಿಲ್ಲ, ಬ್ರೇಕ್ ಹಗುರವಾಗಿ ಹಿಡಿದುಕೊಂಡೇ ಇರುತ್ತದೆ. ಹೈವೇಯಲ್ಲಿ ಚಿತ್ರದುರ್ಗದಿಂದ ದಾವಣಗೆರೆಗೆ ಬರುವಷ್ಟರಲ್ಲಿ ಚಕ್ರ ಕಾದು ಸುಟ್ಟ ವಾಸನೆ ಬರುವುದಕ್ಕೆ ಇಷ್ಟು ಸಾಕು.

ಕ್ಲಚ್ ಕೇಬಲ್

ಹಳೇ ಮಾರುತಿ 800, ಆಲ್ಟೊಗಳಲ್ಲಿ ಕ್ಲಚ್ ಎಳೆಯುವುದು ಉಕ್ಕಿನ ಕೇಬಲ್. ಅದು ಒಮ್ಮೆಗೇ ತುಂಡಾಗುವುದು ಕಡಿಮೆ, ಮೊದಲು ಹೇಳುತ್ತದೆ. ಪೆಡಲ್ ದಿನೇ ದಿನೇ ಗಟ್ಟಿಯಾಗುತ್ತದೆ, ಒತ್ತುವಾಗ ಕಿರಕಿರ ಅನ್ನುತ್ತದೆ, ರಿವರ್ಸ್ ಹಾಕುವಾಗ ಗೇರ್ ಕರ್ರ್ ಎನ್ನುತ್ತದೆ. ಕೊಕ್ಕೆಯ ಕುತ್ತಿಗೆಯಲ್ಲಿ ಎಳೆಗಳು ಒಂದೊಂದೇ ಹರಿಯುತ್ತವೆ. ಲೈಟು ಬಿಟ್ಟು ನೋಡಿದರೆ ಅಲ್ಲಿ ಕೂದಲಿನಂತೆ ಕೆದರಿದ ತಂತಿಗಳು ಕಾಣುತ್ತವೆ. ಒಂದೇ ಎಳೆ ಹರಿದಿದ್ದರೂ ಕೇಬಲ್ ಬದಲಿಸಿ. ಬರಿಗೈಯಲ್ಲಿ ಸವರಿ ನೋಡಬೇಡಿ, ಎಳೆ ಉಗುರಿನೊಳಗೆ ಹೋಗುತ್ತದೆ.

ಕೆಲಸ ಬಾನೆಟ್ ಕಡೆಯಿಂದ ಶುರು. ಗೇರ್‌ಬಾಕ್ಸ್ ಮೇಲಿನ ಕ್ಲಚ್ ಲಿವರಿಗೆ ಕೇಬಲಿನ ಮರೆ ತುದಿ ಬಂದು ಸೇರಿರುತ್ತದೆ, ಅದರ ಮೇಲೆ ಹೊಂದಿಸುವ ನಟ್ ಇದೆ. ನಟ್ಟಿನಿಂದಾಚೆ ಎಷ್ಟು ಮರೆ ಕಾಣುತ್ತದೆಂದು ಅಳೆದು ಬರೆದಿಟ್ಟುಕೊಳ್ಳಿ. ನಟ್ ಪೂರ್ತಿ ತೆಗೆದು, ಕೇಬಲಿನ ಹೊರಕವಚವನ್ನು ಬ್ರಾಕೆಟ್ಟಿನಿಂದ ಬಿಡಿಸಿ. ಈಗ ಕೇಬಲ್ ಸಡಿಲ. ಒಳಗೆ ಬಂದು ಮಲಗಿ, ಎಡಗೈಯಲ್ಲಿ ಕ್ಲಚ್ ಪೆಡಲನ್ನು ಮೇಲಕ್ಕೆ ಎತ್ತಿ ಹಿಡಿದು ಬಲಗೈಯಲ್ಲಿ ಕೊಕ್ಕೆ ಕಳಚಿ. ಬರದಿದ್ದರೆ ಜಗ್ಗಬೇಡಿ, ಹೊರಗೆ ಕೇಬಲ್ ಇನ್ನೂ ಎಲ್ಲೋ ಬಿಗಿ ಇದೆ ಎಂದರ್ಥ. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನಲ್ಲಿ ಕೇಬಲನ್ನು ಹಿಡಿಯಲು ಕೆಲವು ಮಾದರಿಗೆ ಬೋಲ್ಟುಗಳಿವೆ, ಕೆಲವಕ್ಕೆ ರಬ್ಬರ್ ಗ್ರಾಮೆಟ್ (ತೂತಿನ ಸಂದಿ ಮುಚ್ಚುವ ಬಳೆ) ಮಾತ್ರ.

ಕೇಬಲನ್ನು ಇಂಜಿನ್ ಕಡೆಗೆ ಎಳೆಯುವ ಮುಂಚೆ, ಕ್ಯಾಬಿನ್ ಕಡೆಯ ತುದಿಗೆ ಒಂದೂವರೆ ಮೀಟರ್ ಗಟ್ಟಿ ಹುರಿ ಕಟ್ಟಿ. ಹಳೇ ಕೇಬಲ್ ಹೊರಗೆ ಬಂದ ದಾರಿಯಲ್ಲಿ ಹುರಿ ಉಳಿಯುತ್ತದೆ, ಹೊಸ ಕೇಬಲಿನ ಕೊಕ್ಕೆಗೆ ಅದನ್ನೇ ಕಟ್ಟಿ ಒಳಗಿನಿಂದ ಎಳೆದರೆ ತೂತು ಹುಡುಕುವ ಗೋಜಿಲ್ಲ. ಹಳೆಯದನ್ನೂ ಹೊಸದನ್ನೂ ನೆಲದ ಮೇಲೆ ಪಕ್ಕ ಪಕ್ಕ ಚಾಚಿ, ಹೊರಕವಚದ ಉದ್ದ, ಒಳ ತಂತಿಯ ಉದ್ದ, ಕೊಕ್ಕೆಯ ಆಕಾರ ಮೂರನ್ನೂ ತಾಳೆ ನೋಡಿ. ಒಂದೇ ಕಾರಿನ ಬೇರೆ ವರ್ಷದ ಮಾದರಿಗೆ ಕೇಬಲ್ ಬೇರೆ ಇರಬಹುದು. ದಾವಣಗೆರೆಯ ಪಿ.ಬಿ. ರಸ್ತೆಯ ಅಂಗಡಿಗೆ ಹೋಗುವಾಗ ಗಾಡಿಯ ವರ್ಷ, ಚಾಸಿ ನಂಬರ್ ಬರೆದುಕೊಂಡು ಹೋಗಿ, ಸಾಧ್ಯವಾದರೆ ಹಳೇ ಕೇಬಲನ್ನೇ ಒಯ್ಯಿರಿ.

ಗ್ರೀಸ್ ಹಚ್ಚಬೇಕಾದ್ದು ಪೆಡಲಿನ ಕೊಕ್ಕೆಗೆ ಮತ್ತು ಲಿವರಿನ ಪಿನ್ನಿಗೆ ಮಾತ್ರ. ಕವಚದೊಳಗೆ ಇಂಜಿನ್ ಆಯಿಲ್ ಬಿಡುವ ಅಭ್ಯಾಸ ಬೇಡ: ಈಗಿನ ಕೇಬಲ್‌ಗಳ ಒಳಗೆ ಜಾರುವ ಪ್ಲಾಸ್ಟಿಕ್ ಕೊಳವೆ ಇರುತ್ತದೆ, ಎಣ್ಣೆಗೆ ನಮ್ಮ ಕೆಂಪು ದೂಳು ಸೇರಿ ಅರದಂತೆ ಕೆಲಸ ಮಾಡುತ್ತದೆ. ಕೇಬಲ್ ಎಲ್ಲೂ ಚೂಪಾಗಿ ಬಾಗಬಾರದು, ಸೈಲೆನ್ಸರ್ ಪೈಪಿಗೆ ಹತ್ತಿರ ಹೋಗಬಾರದು. ಗ್ರಾಮೆಟ್ ಪೂರ್ತಿ ಕೂರದಿದ್ದರೆ ಮಳೆಗಾಲದಲ್ಲಿ ಅಲ್ಲಿಂದಲೇ ನೀರು, ಬೇಸಿಗೆಯಲ್ಲಿ ಇಂಜಿನ್ನಿನ ಬಿಸಿ ಕಾಲಿಗೆ ಬರುತ್ತದೆ.

ಇನ್ನು ಹೊಂದಿಸುವುದು. ಪೆಡಲನ್ನು ಕಾಲಿನಿಂದಲ್ಲ, ಬೆರಳಿನಿಂದ ಒತ್ತಿ. ಬಿಗಿ ಸಿಗುವವರೆಗೆ ಸಡಿಲವಾಗಿ ಇಳಿಯುವ ದೂರವೇ ಫ್ರೀ ಪ್ಲೇ. ಉಕ್ಕಿನ ಸ್ಕೇಲ್ ಪೆಡಲ್ ಪಕ್ಕಕ್ಕೆ ಹಿಡಿದು ಅಳೆಯಿರಿ. ಕೇಬಲ್ ಕ್ಲಚ್ಚಿನ ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 15ರಿಂದ 25 ಮಿ.ಮೀ.; ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಹಿಡಿಯಿರಿ. ಗೇರ್‌ಬಾಕ್ಸ್ ಕಡೆಯ ನಟ್ ಬಿಗಿದರೆ ಪ್ಲೇ ಕಡಿಮೆಯಾಗುತ್ತದೆ. ಪ್ಲೇ ಏನೂ ಇಲ್ಲದಂತೆ ಬಿಗಿದರೆ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡೇ ತಿರುಗುತ್ತದೆ, ಪ್ಲೇಟ್ ಜಾರುತ್ತದೆ, ಏರಿನಲ್ಲಿ ಇಂಜಿನ್ ಕೂಗುತ್ತದೆ ಗಾಡಿ ಏಳುವುದಿಲ್ಲ. ಪ್ಲೇ ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಕರಕರ ನಿಲ್ಲುವುದಿಲ್ಲ. 'ಸ್ವಲ್ಪ ಬಿಗಿ ಇರಲಿ' ಎಂಬ ಮಾತಿಗೆ ಬಲಿಯಾದ ಕ್ಲಚ್ ಪ್ಲೇಟುಗಳು ಬಹಳ.

ಇಪ್ಪತ್ತು ಸಲ ಪೆಡಲ್ ಒತ್ತಿ ಬಿಟ್ಟು ಮತ್ತೆ ಅಳೆಯಿರಿ. ಇಂಜಿನ್ ಚಾಲೂ ಮಾಡಿ, ಕ್ಲಚ್ ಪೂರ್ತಿ ಒತ್ತಿ ಎರಡು ಮೂರು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಸರಿ. ಹೊಸ ಕೇಬಲ್ ಮೊದಲ ನೂರಿನ್ನೂರು ಕಿ.ಮೀ.ನಲ್ಲಿ ತುಸು ಕೂತುಕೊಳ್ಳುತ್ತದೆ, ಆಮೇಲೆ ಇನ್ನೊಮ್ಮೆ ಅಳತೆ ನೋಡಲೇಬೇಕು.

ಇಲಿ ಕಡಿದ ವೈರು

ಮೆಕ್ಕೆಜೋಳದ ಚೀಲ, ಮಂಡಕ್ಕಿ ಮೂಟೆ ಕಾರಿನಲ್ಲೇ ಸಾಗಿಸುವ ಊರು ನಮ್ಮದು. ನಾಲ್ಕು ಕಾಳು ಕಾರ್ಪೆಟ್ ಕೆಳಗೆ ಉಳಿದರೆ ಇಲಿಗೆ ಕರೆ ಹೋದಂತೆಯೇ. ವೈರು ಜೋಡಿಸುವ ಮುಂಚೆ ಆ ಕಾಳು, ಇಲಿಯ ಗೂಡು, ಹಿಕ್ಕೆ ಎಲ್ಲ ತೆಗೆಯಿರಿ. ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸದೆ, ಮಾಸ್ಕ್ ಹಾಕಿಕೊಂಡು ಫಿನಾಯಿಲ್ ನೀರು ಚಿಮುಕಿಸಿ ಒರೆಸಬೇಕು.

ಕಡಿದ ಭಾಗವನ್ನು ಎರಡೂ ಕಡೆ ಒಳ್ಳೆಯ ತಾಮ್ರ ಕಾಣುವವರೆಗೆ ಕತ್ತರಿಸಿ. ಅದೇ ದಪ್ಪದ ವೈರಿನ ತುಂಡು ತಗೊಂಡು ತುದಿಗಳನ್ನು 8–10 ಮಿ.ಮೀ. ಸುಲಿಯಿರಿ. ಕಾಯಿಸಿದರೆ ಕುಗ್ಗುವ ಪ್ಲಾಸ್ಟಿಕ್ ಸ್ಲೀವನ್ನು ಮೊದಲೇ ವೈರಿಗೆ ಪೋಣಿಸಿ, ಆಮೇಲೆ ಬೆಸುಗೆ ಹಾಕಿ ಅಥವಾ ಕ್ರಿಂಪ್ (ಎರಡು ತುದಿ ಕೂಡಿಸುವ ಲೋಹದ ಸಣ್ಣ ಕೊಳವೆ) ಒತ್ತಿ. ಮಲಗಿ ಬೆಸುಗೆ ಹಾಕುವಾಗ ಕಾದ ಸೀಸ ಮುಖಕ್ಕೆ ತೊಟ್ಟಿಕ್ಕುತ್ತದೆ, ಹಾಗಾಗಿ ಈ ಜಾಗದಲ್ಲಿ ಕ್ರಿಂಪೇ ವಾಸಿ. ಕಟ್ಟಿನಲ್ಲಿ ನಾಲ್ಕೈದು ವೈರು ಹೋಗಿದ್ದರೆ ಎಲ್ಲ ಗಂಟುಗಳೂ ಒಂದೇ ಕಡೆ ಬರದಂತೆ ಎರಡು ಮೂರು ಸೆಂ.ಮೀ. ಹಿಂದೆ ಮುಂದೆ ಮಾಡಿ. ತಿರುಚಿ ಟೇಪ್ ಸುತ್ತಿದ ಗಂಟು ನಮ್ಮ ಬೇಸಿಗೆಗೆ ಉಳಿಯುವುದಿಲ್ಲ: ಅಂಟು ಕರಗಿ ಟೇಪ್ ಜಾರುತ್ತದೆ, ತಾಮ್ರ ತಗಡಿಗೆ ತಾಗುತ್ತದೆ. ಹಳದಿ ಕವಚದ ಏರ್‌ಬ್ಯಾಗ್ ವೈರು ಕಡಿದಿದ್ದರೆ ಗಂಟು ಹಾಕಲೇಬಾರದು, ಆ ಕಟ್ಟನ್ನೇ ಬದಲಿಸಬೇಕು. ಅದು ಕಂಪನಿಯ ವರ್ಕ್‌ಶಾಪಿನ ಕೆಲಸ.

ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರಿನದು ಹಾಕಿ. ಬಣ್ಣವೇ ಗುರುತು: 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಮತ್ತೆ ಮತ್ತೆ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕುವುದಲ್ಲ, ಇನ್ನೊಂದು ಕಡಿತ ಹುಡುಕಬೇಕು.

ಕಾರ್ಪೆಟ್ ಒದ್ದೆ ಇದ್ದರೆ

ಮಲಗಿದಾಗ ಬೆನ್ನು ತೇವವಾದರೆ ಕೆಲಸ ನಿಲ್ಲಿಸಿ, ಬೆರಳದ್ದಿ ನೋಡಿ. ಬರೀ ನೀರಾದರೆ ಮುಂದಿನ ಗಾಜಿನ ಕೆಳಗಿನ ತೊಟ್ಟಿಯ ತೂತಿಗೆ ಎಲೆ ಕಟ್ಟಿರಬಹುದು, ಅಥವಾ ಎಸಿ ನೀರಿನ ಪೈಪಿಗೆ ಮಣ್ಣು ಸೇರಿರಬಹುದು. ಅಂಟಂಟಾಗಿ ಸಿಹಿ ವಾಸನೆ ಇದ್ದರೆ ಹೀಟರಿನ ಕೂಲಂಟ್ ಸೋರಿಕೆ. ಜಿಡ್ಡು ಜಿಡ್ಡಾಗಿ, ಪೆಡಲ್ ತೋಳಿನ ಬಣ್ಣ ಎದ್ದಿದ್ದರೆ ಅದು ಬ್ರೇಕ್ ಫ್ಲೂಯಿಡ್. ಹೈಡ್ರಾಲಿಕ್ ಕ್ಲಚ್ (ಕೇಬಲಿನ ಬದಲು ದ್ರವದ ಒತ್ತಡದಿಂದ ಆಡುವುದು) ಇರುವ ಗಾಡಿಯಲ್ಲಿ ಕ್ಲಚ್ ಮಾಸ್ಟರ್ ಸಿಲಿಂಡರಿನ ವಾಷರ್ ಹೋಗಿ ಪೆಡಲ್ ಕಡ್ಡಿಯ ಮೂಲಕ ಒಳಗೆ ಇಳಿಯುತ್ತದೆ. ಇದು ಕಂಡ ಗಾಡಿಯನ್ನು ರಿಪೇರಿಗೆ ಮುಂಚೆ ರಸ್ತೆಗೆ ಇಳಿಸಬೇಡಿ. ಯಾವ ಒದ್ದೆಯಾದರೂ ಕಾರ್ಪೆಟ್ ಎತ್ತಿ ಕೆಳಗಿನ ದಪ್ಪ ಫೆಲ್ಟ್ ಬಿಸಿಲಿಗೆ ಹಾಕಿ. ಮೇಲೆ ಒಣಗಿದಂತೆ ಕಂಡರೂ ಫೆಲ್ಟ್ ವಾರಗಟ್ಟಲೆ ನೀರು ಹಿಡಿದಿಟ್ಟು ನೆಲದ ತಗಡು ತಿನ್ನುತ್ತದೆ.

ಮುಟ್ಟದೇ ಬಿಡಬೇಕಾದ್ದು ಎರಡಿವೆ. ಸ್ಟೀರಿಂಗ್ ಕಂಬದ ಕೆಳಗಿನ ಜಾಯಿಂಟ್ ಬೋಲ್ಟ್ ದಾರಿಗೆ ಅಡ್ಡ ಎಂದು ಬಿಚ್ಚಬೇಡಿ; ಬಿಚ್ಚಿದ ಮೇಲೆ ಸ್ಟೀರಿಂಗ್ ತಿರುಗಿದರೆ ಏರ್‌ಬ್ಯಾಗಿನ ಸುರುಳಿ ಪಟ್ಟಿ ಹರಿಯುತ್ತದೆ. ಬ್ರೇಕ್ ಬೂಸ್ಟರಿನ ಕಡ್ಡಿಯ ಉದ್ದವನ್ನೂ ಬದಲಿಸಬೇಡಿ. ಯಾವುದೋ ಕಾರಣಕ್ಕೆ ಆ ಕಡ್ಡಿಯ ಪಿನ್ ತೆಗೆದಿದ್ದರೆ ಹಳೇ ಸ್ಪ್ಲಿಟ್ ಪಿನ್ ಮತ್ತೆ ಹಾಕದೆ ಹೊಸದನ್ನು ಹಾಕಿ, ಆ ಪಿನ್ನಿನ ಎರಡೂ ಕಾಲು ಮಡಚಿ.

ಸೀಟು ಮತ್ತೆ ಕೂರಿಸುವ ಮುಂಚೆ ಮೂರೂ ಪೆಡಲ್ ಕೈಯಿಂದ ಪೂರ್ತಿ ಒತ್ತಿ ಬಿಡಿ, ವೈರು ಎಲ್ಲಿಯೂ ತಾಗಬಾರದು, ಎಕ್ಸಲೇಟರ್ ಬಿಟ್ಟ ಕೂಡಲೇ ಚಟ್ಟನೆ ಮೇಲೆ ಬರಬೇಕು. ತಂದ ಸಾಮಾನು ಎಣಿಸಿ. ಸೀಟಿನ ನಾಲ್ಕೂ ಬೋಲ್ಟನ್ನು ಕೈಯಿಂದ ಎರಡು ಮೂರು ಸುತ್ತು ಹಿಡಿಸಿದ ಮೇಲೆಯೇ ಪಾನ ಹಾಕಿ, ಒಂದನ್ನೇ ಮೊದಲು ಬಿಗಿದರೆ ಉಳಿದವು ಓರೆಯಾಗುತ್ತವೆ. ವೈರುಗಳ ಕನೆಕ್ಟರ್ ಎಲ್ಲ ಹಾಕಿದ ನಂತರ ಬ್ಯಾಟರಿ. ಸೀಟನ್ನು ಹಿಂದೆ ಮುಂದೆ ಸರಿಸಿ, ಎರಡೂ ಹಳಿಯ ಲಾಕ್ ಕಟ್ ಎಂದು ಬೀಳುವುದನ್ನು ಕೇಳಿ. ಮ್ಯಾಟ್ ಒಂದೇ ಇರಲಿ, ಅದೂ ಕೊಕ್ಕೆಗೆ ಸಿಕ್ಕಿಸಿದ್ದು. ಇಂಜಿನ್ ಚಾಲೂ ಮಾಡಿ, ನಿಂತಲ್ಲೇ ಬ್ರೇಕ್ ಎರಡು ಮೂರು ಸಲ ಒತ್ತಿ ಗಟ್ಟಿ ಇದೆಯೆಂದು ನೋಡಿ, ಹಿಂದೆ ಒಬ್ಬರನ್ನು ನಿಲ್ಲಿಸಿ ಕೆಂಪು ಲೈಟು ಹತ್ತಿ ಆರುವುದನ್ನು ಕೇಳಿಕೊಂಡು, ಗಾಡಿಯನ್ನು ಮನೆಯ ಮುಂದಿನ ರಸ್ತೆಯಲ್ಲೇ ನಡೆಯುವ ವೇಗದಲ್ಲಿ ಓಡಿಸಿ ನಿಲ್ಲಿಸಿ ನೋಡಿ. ಹೈವೇ ಅದಾದ ಮೇಲೆ.